ಮನೆಯ ಪ್ರಿಂಟರ್ ವೈಫೈಗೆ ಸೇರುತ್ತಿಲ್ಲವೇ? ಹುಡುಕಾಟ ಎಲ್ಲಿಂದ ಶುರುಮಾಡಬೇಕು

ಪ್ರಿಂಟರ್ ವೈಫೈಗೆ ಸೇರುತ್ತಿಲ್ಲ ಅಂದ ಕೂಡಲೇ ಹೆಚ್ಚಿನವರು ಕಂಪ್ಯೂಟರ್ ಮುಂದೆ ಕೂತು ಡ್ರೈವರ್ ಅಳಿಸಿ ಮತ್ತೆ ಹಾಕುತ್ತಾರೆ. ದಯವಿಟ್ಟು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಡ್ರೈವರ್ ಅಂದರೆ ಪ್ರಿಂಟರ್ ಜೊತೆ ಮಾತಾಡಲು ಬೇಕಾದ ತಂತ್ರಾಂಶ, ಅದು ಇರುವುದು ಕಂಪ್ಯೂಟರ್‌ನಲ್ಲಿ. ವೈಫೈಗೆ ಸೇರಬೇಕಾದದ್ದು ಪ್ರಿಂಟರ್. ಪ್ರಿಂಟರ್‌ನಿಂದ ರೂಟರ್‌ಗೆ ಹೋಗುವ ದಾರಿಯಲ್ಲಿ ಡ್ರೈವರ್ ಎಲ್ಲೂ ಸಿಗುವುದೇ ಇಲ್ಲ.

ನನಗೆ ಇದು ಗೊತ್ತಾದದ್ದು ಬಾಡಿಗೆ ಮನೆ ಬದಲಾಯಿಸಿದಾಗ. ಹೊಸ ಮನೆಗೆ ಹೊಸ ಇಂಟರ್ನೆಟ್ ಕಂಪನಿ, ಹೊಸ ರೂಟರ್. ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲ ಐದು ನಿಮಿಷದಲ್ಲಿ ಸೇರಿಕೊಂಡವು. ಪ್ರಿಂಟರ್‌ನ ನೀಲಿ ದೀಪ ಮಾತ್ರ ಮಿನುಗುತ್ತಲೇ ಇತ್ತು. ಮಗಳ ಶಾಲೆಯ ಪ್ರಾಜೆಕ್ಟ್ ಬೆಳಿಗ್ಗೆ ಕೊಡಬೇಕು. ರಾತ್ರಿ ಒಂಬತ್ತೂವರೆಗೆ ಬೀದಿಯ ಜೆರಾಕ್ಸ್ ಅಂಗಡಿಯೂ ಮುಚ್ಚಿತ್ತು. ಎರಡು ಗಂಟೆ ಡ್ರೈವರ್ ಜೊತೆ ಗುದ್ದಾಡಿದ ಮೇಲೆ ಗೊತ್ತಾಯಿತು: ರೂಟರ್‌ನಲ್ಲಿ ಒಂದೇ ಒಂದು ಸೆಟ್ಟಿಂಗ್ ಬದಲಾಯಿಸಬೇಕಿತ್ತು, ಅಷ್ಟೇ. ಅವತ್ತು ನನಗೆ ಯಾರಾದರೂ ಹೇಳಬೇಕಿತ್ತು ಅನಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಯಾವ ಕೊಂಡಿ ಕಳಚಿದೆ ನೋಡಿ

ನೀವು ಫೋನ್‌ನಿಂದ ಪ್ರಿಂಟ್ ಕೊಟ್ಟರೆ ಅದು ಮೊದಲು ರೂಟರ್‌ಗೆ ಹೋಗುತ್ತದೆ. ಅಲ್ಲಿಂದ ಪ್ರಿಂಟರ್‌ಗೆ ಬರುತ್ತದೆ. ಹಾಗಾಗಿ ತೊಂದರೆ ಇರುವುದು ಮೂರರಲ್ಲಿ ಒಂದು ಕಡೆ. ಪ್ರಿಂಟರ್ ರೂಟರ್‌ಗೆ ಸೇರಿಲ್ಲ. ಇಲ್ಲವೇ ಫೋನ್ ಅಥವಾ ಕಂಪ್ಯೂಟರ್ ಬೇರೆ ನೆಟ್‌ವರ್ಕ್‌ನಲ್ಲಿದೆ. ಇಲ್ಲವೇ ಎರಡೂ ಸೇರಿವೆ, ಆದರೆ ಒಂದಕ್ಕೊಂದು ಕಾಣುತ್ತಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ.

ಗೊತ್ತುಮಾಡಿಕೊಳ್ಳಲು ಪ್ರಿಂಟರ್‌ನ ವೈಫೈ ದೀಪ ನೋಡಿ. ಮಿನುಗದೆ ಸ್ಥಿರವಾಗಿ ಉರಿಯುತ್ತಿದ್ದರೆ ಸಾಮಾನ್ಯವಾಗಿ ರೂಟರ್‌ಗೆ ಸೇರಿದೆ ಎಂದರ್ಥ. ಮಿನುಗುತ್ತಿದ್ದರೆ ಇನ್ನೂ ಹುಡುಕುತ್ತಿದೆ, ಅಥವಾ ಸೆಟಪ್‌ಗಾಗಿ ಕಾಯುತ್ತಿದೆ. ದೀಪಕ್ಕಿಂತ ನಂಬಿಕಸ್ಥ ಸಾಕ್ಷಿ ಇನ್ನೊಂದಿದೆ. ಪ್ರಿಂಟರ್ ತನ್ನ ನೆಟ್‌ವರ್ಕ್ ಸ್ಥಿತಿಯನ್ನು ತಾನೇ ಕಾಗದದ ಮೇಲೆ ಮುದ್ರಿಸಿ ಕೊಡುತ್ತದೆ. ಎಚ್‌ಪಿ ಡೆಸ್ಕ್‌ಜೆಟ್‌ನ ಹಲವು ಮಾದರಿಗಳಲ್ಲಿ ವೈರ್‌ಲೆಸ್ ಬಟನ್ ಮತ್ತು ‘ಐ’ ಗುರುತಿನ ಬಟನ್ ಒಟ್ಟಿಗೆ ಒತ್ತಿದರೆ ಈ ಹಾಳೆ ಬರುತ್ತದೆ. ಸ್ಕ್ರೀನ್ ಇರುವ ಪ್ರಿಂಟರ್‌ಗಳಲ್ಲಿ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ರಿಪೋರ್ಟ್ ಮುದ್ರಿಸುವ ಆಯ್ಕೆ ಇರುತ್ತದೆ. ಈ ಒಂದು ಹಾಳೆ ಗಂಟೆಗಟ್ಟಲೆ ಕೆಲಸ ಉಳಿಸುತ್ತದೆ. ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಕೆಲವು ಕಂಪನಿಗಳ ಹಾಳೆಯಲ್ಲಿ ತಪ್ಪಿನ ಸಂಕೇತವೂ ಇರುತ್ತದೆ. ಎಪ್ಸನ್‌ನಲ್ಲಿ ‘ಇ-2’, ‘ಇ-3’, ‘ಇ-7’ ಬಂದರೆ ವೈಫೈ ಹೆಸರು ಅಥವಾ ಪಾಸ್‌ವರ್ಡ್ ಕಡೆ ನೋಡಿ. ‘ಇ-5’ ಅಂದರೆ ರೂಟರ್‌ನ ಸೆಕ್ಯುರಿಟಿ ವಿಧ ಪ್ರಿಂಟರ್‌ಗೆ ಹೊಂದುತ್ತಿಲ್ಲ. ‘ಇ-6’ ಅಂದರೆ ರೂಟರ್ ಈ ಯಂತ್ರವನ್ನು ಮ್ಯಾಕ್ ವಿಳಾಸದ (ಪ್ರತಿ ಯಂತ್ರಕ್ಕೂ ಇರುವ ಗುರುತಿನ ಸಂಖ್ಯೆ) ಪಟ್ಟಿ ನೋಡಿ ತಡೆಯುತ್ತಿರಬಹುದು. ಬ್ರದರ್‌ನಲ್ಲಿ ‘ಟಿಎಸ್-01’ ಬಂದರೆ ವೈಫೈ ಆನ್ ಆಗಿಯೇ ಇಲ್ಲ. ‘ಟಿಎಸ್-02’ ಅಂದರೆ ರೂಟರ್ ಸಿಗುತ್ತಿಲ್ಲ. ‘ಟಿಎಸ್-04’ ಅಂದರೆ ಸೆಕ್ಯುರಿಟಿ ವಿಧ ಪ್ರಿಂಟರ್‌ಗೆ ಗೊತ್ತಿಲ್ಲ. ‘ಟಿಎಸ್-05’ ಅಂದರೆ ಹೆಸರೋ ಪಾಸ್‌ವರ್ಡೋ ತಪ್ಪು.

ಇನ್ನು ಹಾಳೆಯಲ್ಲಿ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಪ್ರಿಂಟರ್‌ಗೆ ಸಿಕ್ಕ ಸಂಖ್ಯೆ, ಹುಡುಕಿ. 192.168 ಎಂದು ಶುರುವಾಗಿದ್ದರೆ ಪ್ರಿಂಟರ್ ರೂಟರ್‌ಗೆ ಸೇರಿದೆ. ಅದೇ ವಿಳಾಸವನ್ನು ಫೋನ್‌ನ ವೈಫೈ ವಿವರದಲ್ಲಿ ಕಾಣುವ ವಿಳಾಸದ ಜೊತೆ ಹೋಲಿಸಿ. ಮನೆಯ ನೆಟ್‌ವರ್ಕ್‌ಗಳಲ್ಲಿ ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳಲ್ಲಿ ಮೊದಲ ಮೂರು ಸಾಮಾನ್ಯವಾಗಿ ಒಂದೇ ಇರಬೇಕು. ಪ್ರಿಂಟರ್ 192.168.1.35, ಫೋನ್ 192.168.1.12 ಇದ್ದರೆ ಸರಿ. ಪ್ರಿಂಟರ್ 192.168.1.35, ಫೋನ್ 192.168.0.12 ಇದ್ದರೆ ಅವು ಬೇರೆ ಬೇರೆ ನೆಟ್‌ವರ್ಕ್‌ನಲ್ಲಿವೆ. ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯ ಹಿಂದೆ ನಮ್ಮದೇ ಇನ್ನೊಂದು ರೂಟರ್ ಹಾಕಿಕೊಂಡ ಮನೆಗಳಲ್ಲಿ ಇದು ಜಾಸ್ತಿ. ಎಲ್ಲವನ್ನೂ ಒಂದೇ ರೂಟರ್‌ಗೆ ಸೇರಿಸಿ. ಇಲ್ಲವೇ ಎರಡನೆಯ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಅದು ಬೇರೆ ನೆಟ್‌ವರ್ಕ್ ಮಾಡದೆ ಮೊದಲನೆಯದರ ವೈಫೈಯನ್ನಷ್ಟೇ ಹರಡುತ್ತದೆ.

ವಿಳಾಸ 169.254 ಎಂದು ಶುರುವಾಗಿದ್ದರೆ ಪ್ರಿಂಟರ್‌ಗೆ ರೂಟರ್ ವಿಳಾಸ ಕೊಟ್ಟಿಲ್ಲ, ಅದು ತಾನೇ ಒಂದನ್ನು ಇಟ್ಟುಕೊಂಡಿದೆ. ಎಲ್ಲ ಸೊನ್ನೆ ಇದ್ದರೆ ಸೇರಿಯೇ ಇಲ್ಲ. ಎರಡರಲ್ಲೂ ಮುಂದಿನ ಹೆಜ್ಜೆಗಳಿಂದ ಶುರುಮಾಡಿ. ವಿಳಾಸ ಸರಿಯಿದ್ದೂ ಪ್ರಿಂಟ್ ಬರುತ್ತಿಲ್ಲ ಅಂದರೆ ನೇರವಾಗಿ ‘ಸೇರಿದೆ, ಆದರೆ ಆಫ್‌ಲೈನ್’ ಎಂಬ ಭಾಗಕ್ಕೆ ಹೋಗಿ.

ಆಫ್ ಮಾಡಿ ಆನ್ ಮಾಡುವುದು, ಆದರೆ ಸರಿಯಾದ ಸರದಿಯಲ್ಲಿ

ಕರೆಂಟು ಹೋಗಿ ಬಂದ ಮೇಲೆ ಪ್ರಿಂಟರ್ ಸಿಗುತ್ತಿಲ್ಲ ಎನ್ನುವ ದೂರು ನಮ್ಮ ಕಡೆ ಬಹಳ. ಕಾರಣ ಸರಳ. ಕರೆಂಟು ಬಂದಾಗ ಪ್ರಿಂಟರ್ ಬೇಗ ಎದ್ದುಬಿಡಬಹುದು. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಪೂರ್ತಿ ಸಿದ್ಧವಾಗಲು ಕೆಲವು ನಿಮಿಷ ಬೇಕು. ಪ್ರಿಂಟರ್ ಹುಡುಕಿದಾಗ ವೈಫೈ ಇರುವುದಿಲ್ಲ. ಕೆಲವು ಮಾದರಿಗಳು ಸ್ವಲ್ಪ ಹೊತ್ತು ಹುಡುಕಿ ಸುಮ್ಮನಾಗುತ್ತವೆ.

ಸರದಿ ಹೀಗಿರಲಿ. ಪ್ರಿಂಟರನ್ನು ಅದರ ಪವರ್ ಬಟನ್‌ನಿಂದಲೇ ಆಫ್ ಮಾಡಿ. ಆಮೇಲೆ ಪ್ಲಗ್ ತೆಗೆಯಿರಿ. ನೇರವಾಗಿ ಪ್ಲಗ್ ಎಳೆದರೆ ಇಂಕ್‌ಜೆಟ್‌ನ ಹೆಡ್ ತನ್ನ ಮುಚ್ಚಳದ ಜಾಗಕ್ಕೆ ಹೋಗದೆ ಶಾಯಿ ಒಣಗಬಹುದು. ಆಮೇಲೆ ರೂಟರ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಫೋನ್‌ನಲ್ಲಿ ಇಂಟರ್ನೆಟ್ ಓಡುವವರೆಗೂ ಕಾಯಿರಿ. ಅದಾದ ಮೇಲೆ ಪ್ರಿಂಟರ್ ಆನ್ ಮಾಡಿ ಎರಡು ನಿಮಿಷ ಬಿಡಿ. ಕಂಪ್ಯೂಟರ್ ಕೊನೆಗೆ.

ಇದರಿಂದ ಸರಿಹೋದರೆ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಕೊಳ್ಳಿ. ರೂಟರ್‌ಗೆಂದೇ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ. ಲೇಸರ್ ಪ್ರಿಂಟರನ್ನು ಮಾತ್ರ ಮನೆಯ ಸಣ್ಣ ಯುಪಿಎಸ್‌ಗೆ ಸಿಕ್ಕಿಸಬೇಡಿ. ಅದರ ಒಳಗಿನ ಹೀಟರ್ ಒಮ್ಮೆಲೇ ಎಳೆಯುವ ಕರೆಂಟು ಯುಪಿಎಸ್‌ಗೆ ಭಾರವಾಗುತ್ತದೆ.

ಹೊಸ ರೂಟರ್, ಹಳೆ ಪ್ರಿಂಟರ್

ನಾನು ನೋಡಿದ ಹೆಚ್ಚಿನ ಪ್ರಕರಣಗಳು ಇಲ್ಲೇ ಮುಗಿದಿವೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಈಗಿನ ಹೆಚ್ಚಿನ ರೂಟರ್‌ಗಳು ಎರಡು ಬ್ಯಾಂಡ್‌ನಲ್ಲಿ (ರೇಡಿಯೋ ತರಂಗಗಳ ಪಟ್ಟಿ) ವೈಫೈ ಕೊಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮನೆಬಳಕೆಯ ಎಷ್ಟೋ ಪ್ರಿಂಟರ್‌ಗಳಿಗೆ ತಿಳಿದಿರುವುದು 2.4 ಒಂದೇ. 5 ಗಿಗಾಹರ್ಟ್ಸ್ ಅವುಗಳಿಗೆ ಕಾಣುವುದೇ ಇಲ್ಲ. ನಿಮ್ಮ ವೈಫೈ ಪಟ್ಟಿಯಲ್ಲಿ ಒಂದು ಹೆಸರಿನ ಕೊನೆಗೆ ‘5ಜಿ’ ಅಂತ ಇದ್ದರೆ ಅದು 5 ಗಿಗಾಹರ್ಟ್ಸ್ ಬ್ಯಾಂಡ್. ಮೊಬೈಲ್‌ನ 5ಜಿಗೂ ಅದಕ್ಕೂ ಸಂಬಂಧವಿಲ್ಲ. ಪ್ರಿಂಟರನ್ನು ಇನ್ನೊಂದು ಹೆಸರಿಗೆ ಸೇರಿಸಿ. ಸೆಟಪ್ ಮಾಡುವಷ್ಟು ಹೊತ್ತು ಫೋನನ್ನೂ ಅದೇ ಹೆಸರಿಗೆ ಸೇರಿಸಿಕೊಳ್ಳಿ. ಆಮೇಲೆ ಫೋನನ್ನು 5ಕ್ಕೆ ವಾಪಸ್ ತಂದರೂ ನಡೆಯುತ್ತದೆ. ಒಂದೇ ರೂಟರ್‌ನ ಎರಡೂ ಬ್ಯಾಂಡ್ ಸಾಮಾನ್ಯವಾಗಿ ಒಂದೇ ನೆಟ್‌ವರ್ಕ್.

ಎರಡಕ್ಕೂ ಒಂದೇ ಹೆಸರಿದ್ದರೆ? ಫೋನ್ ಯಾವುದರಲ್ಲಿದೆ ಅಂತ ಗೊತ್ತಾಗುವುದಿಲ್ಲ. ಸೆಟಪ್ ಆ್ಯಪ್‌ಗೂ ಗೊಂದಲ. ನನ್ನ ಹೊಸ ಮನೆಯಲ್ಲಿ ಆದದ್ದು ಇದೇ. ಆಗ ರೂಟರ್‌ನ ಸೆಟ್ಟಿಂಗ್ ಪುಟಕ್ಕೆ ಹೋಗಬೇಕು. ಫೋನ್‌ನ ವೈಫೈ ವಿವರದಲ್ಲಿ ‘ಗೇಟ್‌ವೇ’ ಅಥವಾ ‘ರೂಟರ್’ ಎಂಬ ಕಡೆ ಅದರ ವಿಳಾಸ ಇರುತ್ತದೆ. ಹೆಚ್ಚಿನ ರೂಟರ್‌ಗಳಲ್ಲಿ ಅದು 192.168.1.1 ಅಥವಾ 192.168.0.1. ಜಿಯೋ ಫೈಬರ್‌ನಲ್ಲಿ ಸಾಮಾನ್ಯವಾಗಿ 192.168.29.1. ಅದನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿ. ಲಾಗಿನ್ ವಿವರ ಎಷ್ಟೋ ರೂಟರ್‌ಗಳ ಅಡಿಯಲ್ಲಿ ಅಂಟಿಸಿರುತ್ತದೆ. ಒಳಗೆ ‘ಸ್ಮಾರ್ಟ್ ಕನೆಕ್ಟ್’ ಅಥವಾ ‘ಬ್ಯಾಂಡ್ ಸ್ಟೀರಿಂಗ್’ ಎಂಬುದನ್ನು ಆಫ್ ಮಾಡಿ. 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಡಿ. ಮೆಶ್ ರೂಟರ್‌ಗಳಲ್ಲಿ (ಮನೆಯ ಹಲವು ಕಡೆ ಇಟ್ಟ ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಕೊಡುವಂಥವು) ಹೆಸರು ಬೇರೆ ಮಾಡಲು ಆಗದೆ ಇರಬಹುದು. ಆಗ 5 ಗಿಗಾಹರ್ಟ್ಸ್ ಅನ್ನು ಹತ್ತು ನಿಮಿಷ ಆಫ್ ಮಾಡಿ, ಪ್ರಿಂಟರ್ ಸೇರಿಸಿ, ಮತ್ತೆ ಆನ್ ಮಾಡಿ. ಹಲವು ಮೆಶ್ ಆ್ಯಪ್‌ಗಳಲ್ಲಿ ಇಂಥ ಸಣ್ಣ ಯಂತ್ರಗಳಿಗೆಂದೇ ‘ಐಒಟಿ ನೆಟ್‌ವರ್ಕ್’ ಎಂಬ ಆಯ್ಕೆಯೂ ಇದೆ. ಆದರೆ ಅದು ಮನೆಯ ಉಳಿದ ಯಂತ್ರಗಳಿಂದ ಬೇರ್ಪಟ್ಟಿಲ್ಲ ಎಂಬುದನ್ನು ನೋಡಿಕೊಳ್ಳಿ.

ಎರಡನೆಯ ಕಾರಣ ಸೆಕ್ಯುರಿಟಿ. ವೈಫೈ ಕಾವಲಿನ ಡಬ್ಲ್ಯುಪಿಎ2 ಬಂದದ್ದು 2004ರಲ್ಲಿ, ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಅದಕ್ಕಿಂತ ಹಿಂದಿನ ಪ್ರಿಂಟರ್‌ಗಳಿಗೆ ಡಬ್ಲ್ಯುಪಿಎ3 ತಿಳಿಯುವುದಿಲ್ಲ. ಆಮೇಲೆ ಬಂದ ಕೆಲವು ಅಗ್ಗದ ಮಾದರಿಗಳಿಗೂ ತಿಳಿಯದು. ರೂಟರ್‌ನಲ್ಲಿ ‘ಡಬ್ಲ್ಯುಪಿಎ3 ಓನ್ಲಿ’ ಇದ್ದರೆ ಪಾಸ್‌ವರ್ಡ್ ಸರಿಯಿದ್ದರೂ ಪ್ರಿಂಟರ್ ಸೇರುವುದಿಲ್ಲ. ಎಷ್ಟೋ ಸಲ ತೆರೆಯ ಮೇಲೆ ‘ಪಾಸ್‌ವರ್ಡ್ ತಪ್ಪು’ ಎಂದೇ ಬರುತ್ತದೆ. ಜನ ಪಾಸ್‌ವರ್ಡನ್ನೇ ಹತ್ತು ಸಲ ಟೈಪ್ ಮಾಡುತ್ತಾ ಕೂರುತ್ತಾರೆ. 2.4 ಬ್ಯಾಂಡ್‌ಗೆ ‘ಡಬ್ಲ್ಯುಪಿಎ2-ಪಿಎಸ್‌ಕೆ, ಎಇಎಸ್’ ಎಂದು ಇಡಿ. ‘ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಕ್ಸೆಡ್’ ಕೂಡ ಹಲವು ಸಲ ಸಾಕು. ಅದಕ್ಕೂ ಹಳೆಯ ಡಬ್ಲ್ಯುಇಪಿಗೆ ಇಳಿಯಬೇಡಿ. ಅದನ್ನು ಒಡೆಯುವುದು ಸುಲಭ. ಒಂದು ಪ್ರಿಂಟರ್‌ಗಾಗಿ ಇಡೀ ಮನೆಯ ಬಾಗಿಲು ತೆರೆದಿಡುವುದು ಬೇಡ.

ಮೂರನೆಯದು ಚಾನೆಲ್, ಅಂದರೆ ಬ್ಯಾಂಡ್‌ನೊಳಗಿನ ಒಂದೊಂದು ಓಣಿ. ಕೆಲವು ಪ್ರಿಂಟರ್‌ಗಳಿಗೆ 2.4 ಬ್ಯಾಂಡ್‌ನ 12 ಮತ್ತು 13ನೇ ಚಾನೆಲ್ ಕಾಣುವುದಿಲ್ಲ. ರೂಟರ್ ‘ಆಟೋ’ದಲ್ಲಿದ್ದು ಅಲ್ಲಿಗೆ ಹೋಗಿ ಕೂತರೆ, ನಿನ್ನೆ ಸರಿಯಿದ್ದ ಪ್ರಿಂಟರ್ ಇವತ್ತು ಸಿಗುವುದಿಲ್ಲ. 1, 6, 11ರಲ್ಲಿ ಒಂದನ್ನು ಕೈಯಾರೆ ಆರಿಸಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದವರ ವೈಫೈ ಇಪ್ಪತ್ತು ಮೂವತ್ತು ಕಾಣುತ್ತವೆ ಅಲ್ವಾ, ಅಲ್ಲಿ ಇದರಿಂದ ಇನ್ನೂ ಲಾಭ. ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ.

ವೈಫೈ ಹೆಸರು ಅಡಗಿಸಿಟ್ಟಿದ್ದರೆ ಕಾಣುವಂತೆ ಮಾಡಿ. ಹೆಸರು, ಪಾಸ್‌ವರ್ಡ್ ಎರಡರಲ್ಲೂ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಮಾತ್ರ ಇರಲಿ. ಕನ್ನಡ ಅಕ್ಷರ, ಇಮೋಜಿ, ಖಾಲಿ ಜಾಗ ಇದ್ದರೆ ಹಳೆಯ ಪ್ರಿಂಟರ್‌ಗಳು ತಡವರಿಸುತ್ತವೆ.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಉಪಾಯ ಹೇಳಬೇಕು. ರೂಟರ್ ಬದಲಾಯಿಸಿದಾಗ ಹೊಸದರ 2.4 ಬ್ಯಾಂಡ್‌ಗೆ ಹಳೆಯ ವೈಫೈ ಹೆಸರನ್ನೇ ಕೊಡಿ, ಪಾಸ್‌ವರ್ಡ್ ಕೂಡ ಹಳೆಯದೇ ಇರಲಿ. ದೊಡ್ಡಕ್ಷರ ಸಣ್ಣಕ್ಷರ ಎಲ್ಲ ಹಾಗೆಯೇ. ಸೆಕ್ಯುರಿಟಿಯೂ ಹೊಂದಿದ್ದರೆ ಪ್ರಿಂಟರ್ ತಾನಾಗಿ ಬಂದು ಸೇರುತ್ತದೆ. ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗೆ ರೂಟರ್ ಹಾಕಿಸುವಾಗ ಇದನ್ನು ಮರೆಯಬೇಡಿ. ಹಾಕಲು ಬಂದ ಹುಡುಗನಿಗೆ ಫೋನ್‌ನಲ್ಲೇ ಹೇಳಿದರೆ ಸಾಕು.

ಪ್ರಿಂಟರನ್ನು ಹೊಸದಾಗಿ ಸೇರಿಸುವುದು

ರೂಟರ್ ಕಡೆ ಸರಿಮಾಡಿದ ಮೇಲೆ ಪ್ರಿಂಟರ್‌ಗೆ ಹಳೆಯದನ್ನು ಮರೆಸಬೇಕು. ಸ್ಕ್ರೀನ್ ಇದ್ದರೆ ‘ರಿಸ್ಟೋರ್ ನೆಟ್‌ವರ್ಕ್ ಸೆಟ್ಟಿಂಗ್ಸ್’ ಒತ್ತಿ. ಸ್ಕ್ರೀನ್ ಇಲ್ಲದ ಎಚ್‌ಪಿ ಡೆಸ್ಕ್‌ಜೆಟ್‌ನ ಹಲವು ಮಾದರಿಗಳಲ್ಲಿ ವೈರ್‌ಲೆಸ್ ಮತ್ತು ಕ್ಯಾನ್ಸಲ್ ಬಟನ್ ಒಟ್ಟಿಗೆ 5 ಸೆಕೆಂಡ್ ಒತ್ತಿ ಹಿಡಿಯಬೇಕು. ಕೆಲವು ಮಾದರಿಗಳಲ್ಲಿ ಹಿಂಬದಿಯ ವೈರ್‌ಲೆಸ್ ಬಟನ್ ಒಂದೇ ಸಾಕು. ದೀಪ ಮಿನುಗಲು ಶುರುವಾದರೆ ಸೆಟಪ್‌ಗೆ ಸಿದ್ಧ. ಎಚ್‌ಪಿಯಲ್ಲಿ ಈ ಸ್ಥಿತಿ ಎರಡು ಗಂಟೆ ಇರುತ್ತದೆ. ಅಷ್ಟರಲ್ಲಿ ಮುಗಿಸದಿದ್ದರೆ ಮತ್ತೆ ಒತ್ತಬೇಕು. ಊಟಕ್ಕೆ ಹೋಗಿ ಬಂದ ಮೇಲೆ ಯಾಕೆ ಸಿಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಈ ಮಾತು.

ಇನ್ನು ಫೋನ್. ಬ್ಲೂಟೂತ್ ಆನ್ ಇರಲಿ. ಆಂಡ್ರಾಯ್ಡ್‌ನಲ್ಲಿ ಲೊಕೇಶನ್ ಕೂಡ ಆನ್ ಇರಲಿ, ಏಕೆಂದರೆ ಸುತ್ತಲಿನ ವೈಫೈ ಹುಡುಕಲು ಆ್ಯಪ್‌ಗೆ ಆ ಅನುಮತಿ ಬೇಕಾಗುತ್ತದೆ. ಐಫೋನ್‌ನಲ್ಲಿ ‘ಲೋಕಲ್ ನೆಟ್‌ವರ್ಕ್’ ಅನುಮತಿ ಕೇಳಿದಾಗ ಒಪ್ಪಿಕೊಳ್ಳಿ. ಒಮ್ಮೆ ಬೇಡ ಎಂದಿದ್ದರೆ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಮತ್ತೆ ಆನ್ ಮಾಡಬೇಕು. ಮೊಬೈಲ್ ಡೇಟಾ ಆಫ್ ಮಾಡಿ. ಸೆಟಪ್ ನಡುವೆ ಫೋನ್ ಸ್ವಲ್ಪ ಹೊತ್ತು ಪ್ರಿಂಟರ್‌ನ ಸ್ವಂತ ವೈಫೈಗೆ ಸೇರುತ್ತದೆ. ಅಲ್ಲಿ ಇಂಟರ್ನೆಟ್ ಇಲ್ಲ ಎಂದು ನೋಡಿ ಫೋನ್ ಡೇಟಾಗೆ ಜಾರಿಕೊಂಡರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ‘ಇಂಟರ್ನೆಟ್ ಇಲ್ಲ, ಇದರಲ್ಲೇ ಇರಬೇಕೇ’ ಎಂದು ಕೇಳಿದರೆ ಹೌದು ಎನ್ನಿ. ಈಗ ಕಂಪನಿಯ ಆ್ಯಪ್ ತೆರೆಯಿರಿ: ಎಚ್‌ಪಿ (ಮೊದಲು ಇದರ ಹೆಸರು ಎಚ್‌ಪಿ ಸ್ಮಾರ್ಟ್), ಎಪ್ಸನ್ ಸ್ಮಾರ್ಟ್ ಪ್ಯಾನಲ್, ಕ್ಯಾನನ್ ಪ್ರಿಂಟ್, ಹೀಗೆ. ಪ್ರಿಂಟರನ್ನು ಸೆಟಪ್ ಮುಗಿಯುವವರೆಗೆ ರೂಟರ್ ಇರುವ ಕೋಣೆಗೇ ತನ್ನಿ.

ಆ್ಯಪ್‌ನಿಂದ ಆಗದಿದ್ದರೆ ಡಬ್ಲ್ಯುಪಿಎಸ್ ಇದೆ, ಅಂದರೆ ಬಟನ್ ಒತ್ತಿ ಸೇರಿಸುವ ದಾರಿ. ಪ್ರಿಂಟರ್‌ನ ವೈರ್‌ಲೆಸ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಎರಡು ನಿಮಿಷದೊಳಗೆ ರೂಟರ್‌ನ ಡಬ್ಲ್ಯುಪಿಎಸ್ ಬಟನ್ ಒತ್ತಿ. ಪಾಸ್‌ವರ್ಡ್ ಟೈಪ್ ಮಾಡುವುದೇ ಬೇಡ. ಆದರೆ ಡಬ್ಲ್ಯುಪಿಎ3 ಮಾತ್ರ ಇದ್ದರೆ ಇದು ನಡೆಯುವುದಿಲ್ಲ. ಹೆಸರು ಅಡಗಿಸಿದ್ದರೂ ನಡೆಯುವುದಿಲ್ಲ. ಕೆಲವು ರೂಟರ್‌ಗಳಲ್ಲಿ ಈ ಬಟನ್ನೇ ಇಲ್ಲ.

ಅದೂ ಆಗದಿದ್ದರೆ ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಸಿಕ್ಕಿಸಿ. ಹಲವು ಕಂಪನಿಗಳ ಸೆಟಪ್ ತಂತ್ರಾಂಶ ಕೇಬಲ್ ಮೂಲಕವೇ ಪ್ರಿಂಟರ್‌ಗೆ ವೈಫೈ ಹೆಸರು ಮತ್ತು ಪಾಸ್‌ವರ್ಡ್ ಕಲಿಸುತ್ತದೆ. ಆಮೇಲೆ ಕೇಬಲ್ ತೆಗೆಯಬಹುದು. ಅಪ್ಪಂದಿರ ಕಾಲದ ದಾರಿ ಅನಿಸಬಹುದು, ಆದರೆ ನನಗೆ ಇದು ಕೈಕೊಟ್ಟದ್ದು ಕಡಿಮೆ.

ಸೇರಿದೆ, ಆದರೆ ಆಫ್‌ಲೈನ್

ಹಾಳೆಯಲ್ಲಿದ್ದ ಐಪಿ ವಿಳಾಸವನ್ನು ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಟೈಪ್ ಮಾಡಿ. ಪ್ರಿಂಟರ್‌ನ ಸ್ವಂತ ಪುಟ ತೆರೆದರೆ ದಾರಿ ಸರಿಯಿದೆ, ತೊಂದರೆ ಕಂಪ್ಯೂಟರ್ ಸೆಟ್ಟಿಂಗ್‌ನಲ್ಲಿದೆ. ತೆರೆಯದಿದ್ದರೆ ದಾರಿಯಲ್ಲೇ ಏನೋ ಅಡ್ಡ ಇದೆ.

ಅಡ್ಡ ಬರುವವರಲ್ಲಿ ಮೊದಲಿನದು ವಿಪಿಎನ್, ಅಂದರೆ ಕಂಪ್ಯೂಟರನ್ನು ಆಫೀಸಿನಂಥ ಬೇರೆ ನೆಟ್‌ವರ್ಕ್‌ಗೆ ಗುಪ್ತ ದಾರಿಯಲ್ಲಿ ಜೋಡಿಸುವ ತಂತ್ರಾಂಶ. ಮನೆಯಿಂದ ಕೆಲಸ ಮಾಡುವವರ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಆನ್ ಇದ್ದರೆ ಮನೆಯ ಪ್ರಿಂಟರ್ ಕಾಣದೆ ಹೋಗಬಹುದು. ಅದನ್ನು ನಿಲ್ಲಿಸಿ ನೋಡಿ. ಎರಡನೆಯದು ಗೆಸ್ಟ್ ವೈಫೈ. ಅದರಲ್ಲಿರುವ ಯಂತ್ರಗಳು ಒಂದನ್ನೊಂದು ನೋಡದಂತೆ ರೂಟರ್ ತಡೆಯುತ್ತದೆ. ‘ಎಪಿ ಐಸೊಲೇಶನ್’ ಆನ್ ಇದ್ದರೂ ಹೀಗೆಯೇ. ಪಿಜಿ, ಹಾಸ್ಟೆಲ್ ವೈಫೈಗಳಲ್ಲಿ ಬೇಕೆಂದೇ ಹೀಗೆ ಇಟ್ಟಿರಬಹುದು, ಅಲ್ಲಿ ನೀವು ಎಷ್ಟು ಒದ್ದಾಡಿದರೂ ಫಲವಿಲ್ಲ. ಮೂರನೆಯದು ವಿಂಡೋಸ್‌ನಲ್ಲಿ ಮನೆಯ ವೈಫೈ ‘ಪಬ್ಲಿಕ್’ ಎಂದು ಗುರುತಾಗಿರುವುದು. ವೈಫೈ ಪ್ರಾಪರ್ಟೀಸ್‌ನಲ್ಲಿ ಅದನ್ನು ‘ಪ್ರೈವೇಟ್’ ಮಾಡಿ.

ಪುಟ ತೆರೆಯುತ್ತದೆ, ಪ್ರಿಂಟ್ ಮಾತ್ರ ಬರುವುದಿಲ್ಲ ಅಂದರೆ, ರೂಟರ್ ಪ್ರಿಂಟರ್‌ಗೆ ಹೊಸ ವಿಳಾಸ ಕೊಟ್ಟಿರಬಹುದು. ಕಂಪ್ಯೂಟರ್ ಇನ್ನೂ ಹಳೆಯ ವಿಳಾಸಕ್ಕೇ ಕಳಿಸುತ್ತಿರುತ್ತದೆ. ಇದಕ್ಕೆ ಶಾಶ್ವತ ಪರಿಹಾರ ಎರಡು ಹೆಜ್ಜೆಯದು. ರೂಟರ್‌ನ ಪುಟದಲ್ಲಿ ‘ಡಿಎಚ್‌ಸಿಪಿ ರಿಸರ್ವೇಶನ್’ ಅಥವಾ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ, ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ಕಾಯ್ದಿರಿಸಿ. ಮ್ಯಾಕ್ ವಿಳಾಸವೂ ಅದೇ ಹಾಳೆಯಲ್ಲಿದೆ. ಆಮೇಲೆ ವಿಂಡೋಸ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ‘ಪೋರ್ಟ್ಸ್’ಗೆ ಹೋಗಿ. ಅಲ್ಲಿ ‘ಡಬ್ಲ್ಯುಎಸ್‌ಡಿ’ ಎಂದು ಶುರುವಾಗುವ ಪೋರ್ಟ್‌ಗೆ ಗುರುತು ಇದ್ದರೆ, ಅದರ ಬದಲು ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಸೇರಿಸಿ ಆ ಕಾಯ್ದಿರಿಸಿದ ಐಪಿ ಕೊಡಿ. ಆಗಾಗ ಆಫ್‌ಲೈನ್ ಆಗುವ ಕಾಟ ಹೆಚ್ಚಿನ ಮನೆಗಳಲ್ಲಿ ಇಲ್ಲಿಗೆ ನಿಲ್ಲುತ್ತದೆ. ಆಮೇಲೂ ಸುಳ್ಳು ಆಫ್‌ಲೈನ್ ತೋರಿಸಿದರೆ ಅದೇ ಪೋರ್ಟ್‌ನ ‘ಕಾನ್ಫಿಗರ್’ನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಗುರುತು ತೆಗೆಯಿರಿ.

ಸಿಕ್ಕಿಕೊಂಡ ಹಳೆಯ ಪ್ರಿಂಟ್ ಒಂದು ಹಿಂದಿನ ಪ್ರಿಂಟ್‌ಗಳ ಸಾಲನ್ನೇ ತಡೆದಿದ್ದರೆ, ಸ್ಟಾರ್ಟ್‌ನಲ್ಲಿ ‘ಸರ್ವೀಸಸ್’ ತೆರೆದು ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ. ವಿಂಡೋಸ್ ಫೋಲ್ಡರ್‌ನೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರ್ ಖಾಲಿ ಮಾಡಿ. ಫೋಲ್ಡರ್ ಅಳಿಸಬೇಡಿ, ಒಳಗಿನ ಫೈಲ್ ಮಾತ್ರ. ಸ್ಪೂಲರ್ ಮತ್ತೆ ಶುರುಮಾಡಿ. ಆಪಲ್‌ನ ಮ್ಯಾಕ್ ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಅಳಿಸಿ ಏರ್‌ಪ್ರಿಂಟ್ (ಆಪಲ್‌ನದೇ ಪ್ರಿಂಟ್ ವ್ಯವಸ್ಥೆ) ಆರಿಸಿ ಮತ್ತೆ ಸೇರಿಸಿದರೆ ಸಾಮಾನ್ಯವಾಗಿ ಸಾಕು. ಡ್ರೈವರ್ ಅಳಿಸಿ ಹಾಕುವ ಸರದಿ ಬರುವುದು ಈಗ.

ಬೆಳಿಗ್ಗೆಯೊಳಗೆ ಪ್ರಿಂಟ್ ಬೇಕೇ ಬೇಕು ಅಂದರೆ

ರೂಟರ್ ಗೋಜು ಬಿಟ್ಟುಬಿಡಿ. ಹೆಚ್ಚಿನ ವೈಫೈ ಪ್ರಿಂಟರ್‌ಗಳಲ್ಲಿ ‘ವೈಫೈ ಡೈರೆಕ್ಟ್’ ಇದೆ. ಫೋನ್‌ನ ವೈಫೈ ಪಟ್ಟಿಯಲ್ಲಿ ‘ಡೈರೆಕ್ಟ್’ ಎಂದು ಶುರುವಾಗುವ ಹೆಸರು ಅದೇ. ಪಾಸ್‌ವರ್ಡ್ ನೆಟ್‌ವರ್ಕ್ ಹಾಳೆಯಲ್ಲಿರುತ್ತದೆ. ಸೇರಿಕೊಂಡು ಪ್ರಿಂಟ್ ಕೊಡಿ. ಫೈಲನ್ನು ಮೊದಲೇ ಫೋನ್‌ಗೆ ಇಳಿಸಿಕೊಂಡಿರಿ, ಅಲ್ಲಿ ಇಂಟರ್ನೆಟ್ ಇರುವುದಿಲ್ಲ.

ಇನ್ನೊಂದು ದಾರಿ ಮೊಬೈಲ್ ಹಾಟ್‌ಸ್ಪಾಟ್. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಬ್ಯಾಂಡನ್ನು 2.4ಕ್ಕೆ ಇಡಿ. ಹೊಸ ಐಫೋನ್‌ಗಳಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ಪ್ರಿಂಟರ್ ಅದಕ್ಕೆ ಸೇರಲಿ, ಲ್ಯಾಪ್‌ಟಾಪ್ ಕೂಡ ಅದಕ್ಕೇ ಸೇರಲಿ.

ಈ ಹಾಟ್‌ಸ್ಪಾಟ್ ಪರೀಕ್ಷೆಯನ್ನು ಸರ್ವಿಸ್ ಸೆಂಟರ್‌ಗೆ ಹೊರಡುವ ಮೊದಲು ತಪ್ಪದೆ ಮಾಡಿ. ಹಾಟ್‌ಸ್ಪಾಟ್‌ಗೆ ಪ್ರಿಂಟರ್ ಸೇರಿದರೆ ಅದರ ವೈಫೈ ಚಿಪ್ ಚೆನ್ನಾಗಿದೆ, ನೀವು ಮತ್ತೆ ರೂಟರ್ ಸೆಟ್ಟಿಂಗ್‌ಗೇ ಹೋಗಬೇಕು. ಎರಡು ಬೇರೆ ಬೇರೆ ಫೋನ್‌ಗಳ ಹಾಟ್‌ಸ್ಪಾಟ್‌ಗೂ ಸೇರದೆ, ರಿಸೆಟ್ ಮಾಡಿದರೂ ಯಾವ ವೈಫೈ ಹೆಸರೂ ಅದಕ್ಕೆ ಕಾಣದಿದ್ದರೆ ಪ್ರಿಂಟರ್‌ನ ವೈಫೈ ಭಾಗವೇ ಕೆಟ್ಟಿರುವ ಸಾಧ್ಯತೆ ಹೆಚ್ಚು. ವಾರಂಟಿ ಇದ್ದರೆ ನೆಟ್‌ವರ್ಕ್ ಹಾಳೆಯನ್ನು ಜೊತೆಗೆ ತೆಗೆದುಕೊಂಡು ಹೋಗಿ. ವಾರಂಟಿ ಮುಗಿದಿದ್ದರೆ, ರಿಪೇರಿಗೆ ಕೊಡುವ ದುಡ್ಡಿನ ಬಗ್ಗೆ ಯೋಚಿಸಿ. ಯುಎಸ್‌ಬಿ ಕೇಬಲ್‌ನಲ್ಲಿ ಆ ಪ್ರಿಂಟರ್ ಇನ್ನೂ ಚೆನ್ನಾಗಿ ಮುದ್ರಿಸುತ್ತದೆ. ಮನೆಯಲ್ಲಿ ಸದಾ ಆನ್ ಇರುವ ಒಂದು ಕಂಪ್ಯೂಟರ್ ಇದ್ದರೆ ಅದಕ್ಕೆ ಸಿಕ್ಕಿಸಿ ‘ಶೇರ್’ ಮಾಡಿ. ಮನೆಯ ಉಳಿದ ಕಂಪ್ಯೂಟರ್‌ಗಳು ಅದರ ಮೂಲಕವೇ ಪ್ರಿಂಟ್ ಕೊಡಬಹುದು.